ಅರವಟ್ಟಿಗೆಯ ಮಜ್ಜಿಗೆ

ಬೇರೆಯವರ ನೀರಿನಲ್ಲಿ ಕೆಟ್ಟದ್ದನ್ನು ಹುಡುಕುವುದೇ ನನ್ನ ಹೊಟ್ಟೆಪಾಡು. ಹಗರಿಬೊಮ್ಮನಹಳ್ಳಿಯಲ್ಲಿ ನೀರು ಪರೀಕ್ಷೆಯ ಒಂದು ಪ್ರಯೋಗಾಲಯದಲ್ಲಿ ಕೂತು, ಸುತ್ತಲಿನ ಊರುಗಳ ಬೋರು, ಟ್ಯಾಂಕು, ಕೈಪಂಪುಗಳಿಂದ ಬರುವ ಬಾಟಲಿಗಳಲ್ಲಿ ಫ್ಲೋರೈಡ್ ಎಷ್ಟಿದೆ, ಕಬ್ಬಿಣ ಎಷ್ಟಿದೆ ಎಂದು ನೋಡಿ ಹೇಳುತ್ತೇನೆ. ಹೇಳಿ ಸುಮ್ಮನಿರುವ ಸ್ವಭಾವ ನನ್ನದಲ್ಲ. ಊರಿಗೆ ಹೋದರೆ ನಾಲ್ಕು ಮಾತು ಬೈದೇ ಬರುವುದು. ಚಿಗಟೇರಿಯಲ್ಲಿ ಒಬ್ಬ ಹೆಂಗಸು ಪರೀಕ್ಷೆಯ ನೀರನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು ತಂದಿದ್ದಳು. "ಇದರಾಗ ನೀರು ಪರೀಕ್ಷೆ ಮಾಡ್ಲ್ಯೋ, ಮಾವಿನಕಾಯಿ ಪರೀಕ್ಷೆ ಮಾಡ್ಲ್ಯೋ?" ಎಂದು ಕೇಳಿ ನೆರೆದವರನ್ನೆಲ್ಲ ನಗಿಸಿದ್ದೆ. ಅವಳೊಬ್ಬಳು ನಕ್ಕಿರಲಿಲ್ಲ.

ನಮ್ಮ ಮನೆ ಕೊಟ್ಟೂರಿನಲ್ಲಿ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಮಾವ ವೀರಭದ್ರಯ್ಯನವರು ತೀರಿಕೊಂಡ ಮೇಲೆ ಅಂಗಡಿಯನ್ನು ನನ್ನ ಗಂಡ ಪ್ರವೀಣಕುಮಾರ್ ನೋಡಿಕೊಳ್ಳುತ್ತಾರೆ. ಆದರೆ ಬೇಸಿಗೆಯಲ್ಲಿ ಅಂಗಡಿಗಿಂತ ಹೆಚ್ಚು ಹೆಸರು ಅದರ ಮುಂದಿನ ಅರವಟ್ಟಿಗೆಗೆ. ನನ್ನ ಅತ್ತೆ ಉಚ್ಚಂಗೆಮ್ಮನವರು ಮಾವನ ಹೆಸರಿನಲ್ಲಿ ಪ್ರತಿ ವರ್ಷ ತೆಂಗಿನ ಗರಿಯ ಚಪ್ಪರ ಹಾಕಿಸಿ, ದಾರಿಹೋಕರಿಗೆ ಬಿಟ್ಟಿ ನೀರು, ಮಜ್ಜಿಗೆ ಕೊಡುತ್ತಾರೆ. ಮಜ್ಜಿಗೆ ಎಂದರೆ ಬಿಳಿ ನೀರಲ್ಲ. ಹಿಂದಿನ ಸಂಜೆಯೇ ಕಡೆದು, ಶುಂಠಿ, ಕರಿಬೇವು ಜಜ್ಜಿ, ನಿಂಬೆಹಣ್ಣು ಹಿಂಡಿ, ತಾಮ್ರದ ದೊಡ್ಡ ಹಂಡೆಗೆ ತುಂಬಿ ಹೊರಗೆ ಒದ್ದೆ ಬಟ್ಟೆ ಸುತ್ತಿಡುತ್ತಿದ್ದರು. ಬೆಳಿಗ್ಗೆ ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನಬೇಕು, ಅಷ್ಟು ತಣ್ಣಗೆ, ಅಷ್ಟು ಹುಳಿ ಎಂದು ಕುಡಿದವರು ಹೇಳುತ್ತಿದ್ದರು.

ಕುಡಿಯುವವರಲ್ಲಿ ಖಾಯಂ ಗಿರಾಕಿಗಳೆಂದರೆ ಚಪ್ಪರದ ನೆರಳಲ್ಲೇ ಬುಟ್ಟಿ ಇಟ್ಟು ಹಡಗಲಿ ಮಲ್ಲಿಗೆ ಮಾರುವ ಓಬಮ್ಮ ಮತ್ತು ಅವಳ ಸೊಸೆ ಲಕ್ಷ್ಮಿದೇವಿ. ಓಬಮ್ಮ ಬಾಯಿಬಡುಕಿ. ಲಕ್ಷ್ಮಿದೇವಿಗೆ ಮಾತೇ ಇಲ್ಲ, ತಲೆ ಬಗ್ಗಿಸಿ ಹೂ ಕಟ್ಟುತ್ತಿರುತ್ತಾಳೆ. ಈ ಬೇಸಿಗೆ ಅವಳು ಚೊಚ್ಚಲ ಬಸುರಿ. ಬಸುರಿಗೆ ಹುಳಿ ಆಸೆ ಎಂದು ಅತ್ತೆ ಅವಳಿಗಾಗಿ ಹಂಡೆಯ ತಳದ ಗಟ್ಟಿ ಮಜ್ಜಿಗೆಯನ್ನೇ ಎತ್ತಿಡುತ್ತಿದ್ದರು. ಒಂದು ಲೋಟ ಕುಡಿದರೆ ಬಿಡುತ್ತಿರಲಿಲ್ಲ. "ಇನ್ನೊಂದು ತಗೊಳವಾ, ಎರಡು ಜೀವ ಅದಾವ" ಎಂದು ಮತ್ತೆ ಬಗ್ಗಿಸುತ್ತಿದ್ದರು.

ಅಂಥ ದಿನಗಳಲ್ಲೇ ನಮ್ಮ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂತು. ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹ ತೀರ ಕಡಿಮೆ ಇದ್ದರೂ ಅಳೆದು ತೋರಿಸುವ ಪುಟ್ಟ ಪೆಟ್ಟಿಗೆ. ಅದುವರೆಗೆ ಇಂಥದ್ದಕ್ಕೆಲ್ಲ ಬಳ್ಳಾರಿಯ ದೊಡ್ಡ ಪ್ರಯೋಗಾಲಯದ ಕಡೆ ಮುಖ ಮಾಡಬೇಕಿತ್ತು. ಯಂತ್ರ ಕೈಗೆ ಕೂರಬೇಕಾದರೆ ಒಳ್ಳೆಯ ನೀರು, ಕೆಟ್ಟ ನೀರು ಎರಡನ್ನೂ ಹಾಕಿ ನೋಡಬೇಕು. ಕೆಟ್ಟ ನೀರಿಗೆ ನಮ್ಮಲ್ಲಿ ಬರವಿಲ್ಲ. "ಒಳ್ಳೆ ನೀರು ಎಲ್ಲಿಂದ ತರೋದ್ರಿ ಮೇಡಂ?" ಎಂದು ಜೊತೆಯಲ್ಲಿ ಕೆಲಸ ಮಾಡುವ ಗಂಗಾಧರ ಕೇಳಿದರು. "ನಮ್ಮತ್ತಿ ಅರವಟ್ಟಿಗಿಂದ ತರ್ತೀನಿ. ಅಂಥಾ ನೀರು ಈ ಸೀಮ್ಯಾಗ ಸಿಗಂಗಿಲ್ಲ" ಎಂದೆ. ನನ್ನ ಜಂಬ ನೋಡಿ ಅವರು ಮುಗುಳ್ನಕ್ಕರು.

ಒಂದು ಬಾಟಲಿಯಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಮಜ್ಜಿಗೆ ಮುಗಿದ ಮೇಲೆ ಅತ್ತೆ ಅದೇ ನಲ್ಲಿಯಿಂದ ಹಂಡೆಗೆ ತುಂಬಿ ಸಂಜೆಯವರೆಗೆ ಇಡುತ್ತಿದ್ದ ನೀರು ಒಯ್ದೆ. ನಲ್ಲಿಯದರಲ್ಲಿ ಸೀಸ ಇಲ್ಲವೇ ಇಲ್ಲ ಎನ್ನಬಹುದು. ಹಂಡೆಯದರಲ್ಲಿ ಮಿತಿಗಿಂತ ಏಳೆಂಟು ಪಟ್ಟು. ನನ್ನ ಬಾಟಲಿಯೇ ಹೊಲಸಾಗಿರಬೇಕು ಎಂದುಕೊಂಡೆ. ಆಸಿಡ್ಡಿನಲ್ಲಿ ತೊಳೆದ ಹೊಸ ಬಾಟಲಿಗಳನ್ನು ಒಯ್ದು ಮರುದಿನ ಮತ್ತೆ ನೀರು, ಜೊತೆಗೆ ಒಂದಿಷ್ಟು ಮಜ್ಜಿಗೆಯನ್ನೂ ತಂದೆ. ನೀರಿನಲ್ಲಿ ಮತ್ತೆ ಅಷ್ಟೇ ಸೀಸ. ಗಂಗಾಧರ ಪರದೆಯನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

ಬರಿಯ ನೀರೇ ಇಷ್ಟು ಸೀಸ ಎಳೆದುಕೊಂಡರೆ ಹುಳಿ ಮಜ್ಜಿಗೆ ಎಷ್ಟು ಎಳೆದುಕೊಳ್ಳಬಹುದು? ಇದನ್ನು ಲೆಕ್ಕ ಹಾಕಲು ಯಂತ್ರ ಬೇಕಿರಲಿಲ್ಲ. ಹುಳಿ ಸೀಸವನ್ನು ಕರಗಿಸುತ್ತದೆ ಎಂದು ಕಾಲೇಜಿನಲ್ಲಿ ಓದಿದವಳು ನಾನು. ಮಜ್ಜಿಗೆಯನ್ನು ನಮ್ಮ ಯಂತ್ರ ಅಳೆಯುವುದಿಲ್ಲವೆಂದು ಅದರ ಬಾಟಲಿಯನ್ನು ಬಳ್ಳಾರಿಗೆ ಕಳಿಸಿ, ಸಂಜೆ ಬಸ್ಸಿನಲ್ಲಿ ಮನೆಗೆ ಬಂದೆ.

ಅತ್ತೆ ಅಡುಗೆಮನೆಯಲ್ಲಿ ನಿಂಬೆಹಣ್ಣು ತೊಳೆಯುತ್ತಿದ್ದರು. ಈ ವರ್ಷ ಹಂಡೆಗೆ ಕಲಾಯಿ ಎಲ್ಲಿ ಹಾಕಿಸಿದಿರಿ ಎಂದು ಕೇಳಿದೆ. ತಾಮ್ರದ ಪಾತ್ರೆಯ ಒಳಗೆ ತವರ ಬಳಿಸದೆ ಹುಳಿ ಇಡುವುದು ತಪ್ಪು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅರವಟ್ಟಿಗೆ ಇಡುವ ಮೊದಲು ಪ್ರತಿ ವರ್ಷ ಕಲಾಯಿ ಆಗಲೇಬೇಕು.

"ಕಲಾಯಿಯವನನ್ನ ಬಾಗಿಲಿಗೇ ಕರಸಿದ್ದೆ" ಎಂದರು ಅತ್ತೆ, ಕೇಳಿದ್ದಕ್ಕೆ ಖುಷಿಯಾಗಿ. "ಅವ ತನ್ನ ತವರ ತೆಳ್ಳಗ ಬಳೀತಾನ, ಎರಡು ತಿಂಗಳಿಗೆ ತಾಮ್ರ ಇಣುಕತೈತಿ. ನಿಮ್ಮ ಮಾವನವರ ಕಾಲದ ತವರದ ಕಡ್ಡಿ ಅಟ್ಟದ ಮ್ಯಾಲೆ ಇದ್ವು. ಅವನ್ನ ತಗದು ಕೊಟ್ಟೆ. ಎರಡು ಸಲ ಬಳಿಸೀನಿ ನೋಡು. ಧರ್ಮದ ಹಂಡಿಗೆ ಕೈ ಹಿಡಿದು ಮಾಡಬಾರದು."

ಉಳಿದ ಕಡ್ಡಿ ತೋರಿಸಿ ಎಂದೆ. ಸೆರಗಿನಿಂದ ಧೂಳು ಒರೆಸಿ ಕೊಟ್ಟರು. ಬೂದು ಬಣ್ಣದ, ಬೆರಳುದ್ದದ, ಕೈಗೆ ಭಾರವೆನಿಸುವ ಕಡ್ಡಿ. ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಗೀಚಿದೆ. ಪೆನ್ಸಿಲ್ಲಿನಿಂದ ಗೀಚಿದ ಹಾಗೆ ಗೆರೆ ಬಿತ್ತು. ಒಳ್ಳೆಯ ತವರ ಹಾಗೆ ಗೆರೆ ಬಿಡುವುದಿಲ್ಲ, ಸೀಸ ಬಿಡುತ್ತದೆ. ಮಾವ ಸೋರುವ ಪಾತ್ರೆಗಳಿಗೆ ಬೆಸುಗೆ ಹಾಕಲು ತಂದಿಟ್ಟಿದ್ದ ಕಡ್ಡಿಗಳು ಅವು, ಅರ್ಧ ತವರ, ಅರ್ಧ ಸೀಸ. ಕಲಾಯಿಯವನ ಜಿಪುಣತನವನ್ನು ನಂಬದೆ ನನ್ನ ಅತ್ತೆ ಭಕ್ತಿಯಿಂದ, ಧಾರಾಳವಾಗಿ, ಎರಡೆರಡು ಸಲ ಸೀಸ ಬಳಿಸಿದ್ದರು.

ಆಗಲೇ ಹೇಳಬೇಕಿತ್ತು. ನನಗೆ ಬಾಯಿ ಬರಲಿಲ್ಲ. "ಹಂಡೇದಾಗ ಏನೋ ದೋಷ ಐತ್ರಿ ಅತ್ತಿ, ಸದ್ಯಕ್ಕೆ ಬ್ಯಾಡ" ಎಂದಷ್ಟೇ ಹೇಳಿ, ಅಂದಿನ ಮಜ್ಜಿಗೆಯನ್ನು ಚೆಲ್ಲಿಸಿ, ಮೇಲೆ ಬಂದು ಗಂಡನ ಹತ್ತಿರ ಪೂರ್ತಿ ಹೇಳಿದೆ.

"ಸ್ಟೀಲಿನ ಡ್ರಮ್ಮು ಇಡೋಣು" ಎಂದರು ಅವರು. "ಹಂಡಿ ಒಳಗ ಹೋಗ್ಲಿ. ಕುಡಿದದ್ದು ಕುಡಿದಾತು, ಅದನ್ನ ಹೊರಗ ತಗಿಯಾಕಾಗ್ತೈತೇನು? ಅವ್ವಗ ಗೊತ್ತಾದ್ರ ಅಕಿ ಉಳಿಯಂಗಿಲ್ಲ. ಊರಿಗೆ ಗೊತ್ತಾದ್ರ ನಾವು ಉಳಿಯಂಗಿಲ್ಲ."

ಛೀ, ಎಂದು ಬೈಯಬೇಕಿತ್ತು ನಾನು. ಚಿಗಟೇರಿಯ ಬಡ ಹೆಂಗಸನ್ನು ಬೈಯಲು ಬರುವ ನಾಲಿಗೆ ಇಲ್ಲಿ ಮಡಚಿಕೊಂಡಿತು. ಬಳ್ಳಾರಿಯ ವರದಿ ಬರಲಿ, ಆಮೇಲೆ ನೋಡೋಣ ಎಂದು ನನಗೆ ನಾನೇ ಒಂದು ನೆಪ ಕೊಟ್ಟುಕೊಂಡು, ದಿನಾ ಬೆಳಿಗ್ಗೆ ಓಬಮ್ಮನ ಬುಟ್ಟಿಯ ಮುಂದೆ ಮುಖ ಆಚೆ ತಿರುಗಿಸಿಕೊಂಡು ಬಸ್ಸಿಗೆ ಹೋದೆ. ವರದಿ ಬಂತು. ಮಜ್ಜಿಗೆಯಲ್ಲಿದ್ದ ಸೀಸದ ಮುಂದೆ ಹಂಡೆಯ ನೀರಿನದು ಏನೂ ಅಲ್ಲ. ಗಂಗಾಧರ ವರದಿಯನ್ನು ನನ್ನ ಮೇಜಿನ ಮೇಲಿಟ್ಟು, "ಕುಡಿದವ್ರಿಗೆ ಹೇಳೀರಿಲ್ರಿ?" ಎಂದರು. ನಾನು ಹೂಂ ಎಂದೆ. ಸುಳ್ಳು ಹೇಳಿದ ಬಾಯಿ ಸಂಜೆಯವರೆಗೂ ಕಹಿಯಾಗಿತ್ತು.

ಆ ದಿನ ಬಸ್ಸಿಳಿದು ಬರುವಾಗ ಲಕ್ಷ್ಮಿದೇವಿ ಚಪ್ಪರದ ಗಳಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಮೂರ್ನಾಲ್ಕು ದಿನದಿಂದ ಹೊಟ್ಟೆನೋವು, ಬಾಯಿಗೆ ಏನೂ ಸೇರುವುದಿಲ್ಲ ಎಂದಳು ಓಬಮ್ಮ. "ಅಮ್ಮಾರ ಹಂಡಿ ಮಜ್ಜಿಗಿ ಇದ್ದಿದ್ರ ಕುಡೀತಿದ್ಲ್ರಿ. ಡ್ರಮ್ಮಿಂದು ಒಲ್ಲೆ ಅಂತಾಳ" ಎಂದು ನಕ್ಕಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೇಲೆ ಹೋದವಳೇ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅವರು ಅಳಲಿಲ್ಲ, ಕೂಗಾಡಲಿಲ್ಲ. ಕೇಳಿದ್ದು ಒಂದೇ ಮಾತು. "ಬಸುರಿಗೆ ಏನಾಗ್ತೈತಿ?"

ಸೀಸ ರಕ್ತಕ್ಕೆ, ಎಲುಬಿಗೆ ಸೇರುತ್ತದೆ, ತಾಯಿಯಿಂದ ಕೂಸಿಗೂ ಇಳಿಯುತ್ತದೆ, ಕೂಸಿನ ಬುದ್ಧಿ, ಬೆಳವಣಿಗೆಗೆ ಪೆಟ್ಟಾಗಬಹುದು, ಎಷ್ಟು ಎಂದು ರಕ್ತ ಪರೀಕ್ಷೆ ಮಾಡದೆ ಹೇಳಲಾಗದು, ಬೇಗ ಗೊತ್ತಾದರೆ ಡಾಕ್ಟರು ನಿಗಾ ಇಡಬಹುದು ಎಂದೆ. ಅತ್ತೆ ತಮ್ಮ ಬಲಗೈಯನ್ನು ನೋಡಿಕೊಂಡರು. ಲೋಟ ಬಗ್ಗಿಸುತ್ತಿದ್ದ ಕೈ ಅದು. ಆಮೇಲೆ ನನ್ನ ಕಡೆ ತಿರುಗಿ, "ನಿನಗ ಯಾವಾಗ ಗೊತ್ತಾತು?" ಎಂದರು. ಹೇಳಿದೆ. "ಇಷ್ಟು ದಿನ ಅಕಿ ಮುಂದ ಹಾದು ಹೋಗಿಯಲ್ಲ!" ಎಂದು ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹಂಡೆಯನ್ನು ಚಪ್ಪರಕ್ಕೆ ತರಿಸಿ ಬೋರಲು ಹಾಕಿಸಿ, ಪಕ್ಕದಲ್ಲೇ ಕೂತರು. ಬಂದವರಿಗೆಲ್ಲ ತಾವೇ ಹೇಳತೊಡಗಿದರು. "ನಾ ಕೊಟ್ಟ ಮಜ್ಜಿಗ್ಯಾಗ ಸೀಸ ಇತ್ತು. ನನ್ನಿಂದ ತಪ್ಪಾಗೈತಿ. ದವಾಖಾನಿಗೆ ಹೋಗಿ ರಕ್ತ ತೋರಸ್ರಿ." ಪ್ರವೀಣಕುಮಾರ್ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ಒಳಗೆ ಕೂತರು. ನಾನು ರಜೆ ಹಾಕಿ ಅತ್ತೆಯ ಹಿಂದೆ ನಿಂತೆ. ಜನ ಬೈಯುತ್ತಾರೆ, ಕಲ್ಲು ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ.

ಒಬ್ಬರೂ ಬೈಯಲಿಲ್ಲ. ಒಬ್ಬರೂ ನಂಬಲೂ ಇಲ್ಲ. ಜಂಬಮ್ಮ ಎಂಬ ತರಕಾರಿಯವಳು ಅತ್ತೆಯ ಕಾಲು ಮುಟ್ಟಿ, "ನಿಮ್ಮ ಕೈಯಾಗಿನದು ಹೆಂಗ ವಿಷ ಆದೀತ್ರಿ? ಯಾರೋ ಆಗಲಾರದವ್ರು ಹೇಳ್ಯಾರ" ಎಂದಳು. ಆಟೋ ಹುಲುಗೇಶ ಮಾತ್ರ ನಕ್ಕೇ ನಕ್ಕ. "ಅಮ್ಮಾರ, ನಿಮ್ಮ ಮಜ್ಜಿಗಿ ಕುಡಿದು ಸತ್ರ ಸೀದಾ ಕೈಲಾಸ. ಬ್ಯಾರೆ ಟಿಕೀಟು ಬ್ಯಾಡ." ಅತ್ತೆ ಎಷ್ಟು ಹೇಳಿದರೂ ಅವರಿಗೆ ಅದು ದೊಡ್ಡ ಮನಸ್ಸಿನ ಮಾತಾಗಿಯೇ ಕೇಳಿಸುತ್ತಿತ್ತು. ಹೇಳಿದಷ್ಟೂ ಅವರ ಗೌರವ ಹೆಚ್ಚಿತು. ಆ ಗೌರವ ನೋಡಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಓಬಮ್ಮನನ್ನು ನಾನೇ ಪಕ್ಕಕ್ಕೆ ಕರೆದು, ಸೊಸೆಯ ಹೊಟ್ಟೆನೋವಿಗೆ ಇದೇ ಕಾರಣ ಇರಬಹುದು, ನಾಳೆಯೇ ಕರೆದುಕೊಂಡು ಹೋಗು ಎಂದೆ. ಅವಳು ಗದ್ದಕ್ಕೆ ಕೈ ಹಚ್ಚಿದಳು. "ಅಲ್ರಿ ಅಕ್ಕಾರ, ನಾವು ರಕ್ತ ಕೊಟ್ಟಿವಂದ್ರ ಅಮ್ಮಾರ ಮ್ಯಾಲೆ ಕೇಸು ಹಾಕಿದಂಗ ಆಗಂಗಿಲ್ಲೇನ್ರಿ? ಇಷ್ಟು ವರ್ಷ ನೆಳ್ಳು ಕೊಟ್ಟಾರ. ನಮ್ಮ ಕೈಲೆ ಆಗಂಗಿಲ್ರಿ." ನಮ್ಮ ಮರ್ಯಾದೆ ಉಳಿಸಲು ಅವಳು ತನ್ನ ಮೊಮ್ಮಗುವನ್ನೇ ಒತ್ತೆ ಇಡುತ್ತಿದ್ದಳು. ಹಾಗೆಂದು ಅವಳಿಗೆ ಗೊತ್ತೂ ಇರಲಿಲ್ಲ.

ಸಂಜೆ ಇದನ್ನು ಕೇಳಿದ ಅತ್ತೆ ಸೆರಗು ಹೊದ್ದು ಹೊರಟರು. ಓಬಮ್ಮನ ಮನೆ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವಳು ನಮ್ಮ ಬಾಗಿಲಲ್ಲಿ ಅಷ್ಟು ವರ್ಷ ಕೂತಿದ್ದಳು, ನಾವು ಅವಳ ಬಾಗಿಲಿಗೆ ಒಮ್ಮೆಯೂ ಹೋಗಿರಲಿಲ್ಲ. ಕೇಳಿಕೊಂಡು ಹೋದೆವು. ಓಬಮ್ಮ ಗಾಬರಿಯಾಗಿ ಕೌದಿ ಹಾಸಿದಳು, ಚಹಾ ಮಾಡಲೋ ಬೇಡವೋ ತಿಳಿಯದೆ ಒಳಗೆ ಹೊರಗೆ ಓಡಾಡಿದಳು. ಅತ್ತೆ ಚಹಾ ಕೇಳಿ ಕುಡಿದರು.

"ಓಬವ್ವಾ, ನಾಳೆ ನಾನೂ ರಕ್ತ ಕೊಡಾಕ ಹೊಂಟೀನಿ" ಎಂದರು. "ಒಬ್ಬಾಕಿಗೆ ಅಂಜಿಕಿ ಬರ್ತೈತಿ. ನೀನೂ ಸೊಸಿನ್ನ ಕರಕೊಂಡು ನನ್ನ ಜೊತಿ ಬಾ."

ಓಬಮ್ಮನ ಮುಖ ಅರಳಿತು. "ಹಂಗಂದ್ರ ಬರ್ತೀವ್ರಿ. ನೀವು ಕೊಟ್ರ ನಾವೂ ಕೊಡ್ತೀವಿ. ನಿಮಗಾದದ್ದು ನಮಗಾಗ್ಲಿ."

ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ. "ಅತ್ತೀ, ನೀವು ಆ ಮಜ್ಜಿಗಿ ಕುಡಿದೇ ಇಲ್ಲಲ್ರಿ." ನಮ್ಮ ಮನೆಯಲ್ಲಿ ಯಾರೂ ಕುಡಿದಿರಲಿಲ್ಲ. ಧರ್ಮಕ್ಕೆಂದು ಎತ್ತಿಟ್ಟದ್ದನ್ನು ಮನೆಯವರು ಮುಟ್ಟಬಾರದು ಎಂಬುದು ಅತ್ತೆಯ ನೇಮ. ನಮಗೆ ಬೇರೆ ಮೊಸರು, ಬೇರೆ ಸ್ಟೀಲಿನ ಡಬ್ಬಿ, ಅದೂ ಫ್ರಿಜ್ಜಿನಲ್ಲಿ.

"ಸುಮ್ಮನಿರು" ಎಂದರು ಅತ್ತೆ. "ಅದು ಅಕಿಗೆ ಗೊತ್ತಿಲ್ಲ. ಅಕಿ ಬರಬೇಕು, ಅಷ್ಟ."

ಅವರು ಹೊರಟಿದ್ದೇ ಸಾಕಾಯಿತು. ಜಂಬಮ್ಮ ಬಂದಳು, ಹುಲುಗೇಶ ತನ್ನ ಆಟೋದಲ್ಲಿ ಎಲ್ಲರನ್ನೂ ತುಂಬಿಕೊಂಡು ಬಂದ, ಇನ್ನೂ ನಾಲ್ಕಾರು ಮಂದಿ ಹಿಂದೆ ನಡೆದುಕೊಂಡು ಬಂದರು. ದವಾಖಾನೆಯಲ್ಲಿ ಮದುವೆಗೆ ಬಂದವರ ಹಾಗೆ ಕೂತರು. ಅತ್ತೆ ಮೊದಲು ತೋಳು ಚಾಚಿದರು. ರಕ್ತ ದಾವಣಗೆರೆಗೆ ಹೋಗಿ ವರದಿ ಬರುವವರೆಗೆ ಅವರು ಸರಿಯಾಗಿ ಉಣ್ಣಲಿಲ್ಲ. ಒಮ್ಮೆ ಪೂಜೆ ಮಾಡುತ್ತಾ, "ನನಗೂ ಒಂದೀಟು ಇರಲಪ್ಪಾ" ಎಂದು ಬೇಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಅಂಥ ವರವನ್ನು ಯಾರಾದರೂ ಬೇಡಿದ್ದನ್ನು ನಾನು ಕೇಳಿರಲಿಲ್ಲ.

ವರದಿ ಬಂದ ದಿನ ಎಲ್ಲರೂ ಮತ್ತೆ ಅದೇ ವರಾಂಡದಲ್ಲಿ ಸೇರಿದೆವು. ಲೇಡಿ ಡಾಕ್ಟರು ಒಬ್ಬೊಬ್ಬರನ್ನೇ ಕರೆದು ಹೇಳಿದರು. ಜಂಬಮ್ಮನದು ಸ್ವಲ್ಪ ಹೆಚ್ಚು. ಹುಲುಗೇಶನದು ಅದಕ್ಕಿಂತ ಹೆಚ್ಚು, ಅವನು ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಆಟೋದಲ್ಲಿ ಕೂತ. ಎಲ್ಲರಿಗಿಂತ ಹೆಚ್ಚು ಲಕ್ಷ್ಮಿದೇವಿಯದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಬರೆದರು, ಬಳ್ಳಾರಿಯ ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದರು. ಕೂಸಿಗೆ ಏನೂ ಆಗುವುದಿಲ್ಲ ತಾನೇ ಎಂದು ಓಬಮ್ಮ ಮೂರು ಸಲ ಕೇಳಿದಳು. ಹುಟ್ಟಿದ ಮೇಲೆ, ಬೆಳೆಯುತ್ತಾ ನೋಡಬೇಕಮ್ಮ, ಈಗ ಹೇಳುವುದು ಕಷ್ಟ ಎಂದರು ಡಾಕ್ಟರು.

ಓಬಮ್ಮ ಬೆಂಚಿನ ಮೇಲೆ ಅತ್ತೆಯ ಪಕ್ಕ ಬಂದು ಕೂತಳು. ಆ ಹೊತ್ತಿನಲ್ಲೂ ಅವಳಿಗೆ ಅತ್ತೆಯದೇ ಕಾಳಜಿ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಮ್ಮಾರ, ನಿಮ್ಮದು ಎಷ್ಟು ಐತಂತ್ರಿ? ವಯಸ್ಸಾದ ಜೀವ, ನೀವೂ ಗುಳಿಗಿ ತಗೋಬೇಕಾತೇನ್ರಿ?" ಎಂದಳು.

ಅತ್ತೆಯ ವರದಿ ನನ್ನ ಕೈಯಲ್ಲಿತ್ತು. ನಾನು ಅದನ್ನು ಮಡಚಿದೆ. ಏನಾದರೊಂದು ಹೇಳಿ ತೇಲಿಸಿಬಿಡೋಣ ಎಂದು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ತಡೆದರು.

"ನನಗ ಏನೂ ಇಲ್ಲವಾ" ಎಂದರು.

"ದೇವರು ದೊಡ್ಡಾವ ಬಿಡ್ರಿ" ಎಂದಳು ಓಬಮ್ಮ ನಿಜವಾದ ಸಮಾಧಾನದಿಂದ.

"ದೇವರಲ್ಲ ಓಬವ್ವಾ. ನಾ ಕುಡಿದಿಲ್ಲ. ನಮ್ಮ ಮನ್ಯಾಗ ಯಾರೂ ಕುಡಿದಿಲ್ಲ. ಒಂದು ದಿನಾನೂ ಕುಡಿದಿಲ್ಲ."

ಓಬಮ್ಮನಿಗೆ ಅದು ಒಮ್ಮೆಗೇ ತಿಳಿಯಲಿಲ್ಲ. ತಿಳಿದ ಮೇಲೆ ಅವಳ ಮುಖದಲ್ಲಿ ಸಿಟ್ಟು ಬರಲಿ ಎಂದು ನಾನು ಕಾದೆ, ಬರಲಿಲ್ಲ. ಅವಳು ಅತ್ತೆಯ ಮಗ್ಗುಲಿಂದ ಎದ್ದಳು, ಅಷ್ಟೇ. ಎದ್ದು ಸೊಸೆಯ ಹತ್ತಿರ ಹೋಗಿ ನಿಂತು, ಅವಳ ಭುಜದ ಮೇಲೆ ಕೈ ಇಟ್ಟಳು.

ಆಗ ಲಕ್ಷ್ಮಿದೇವಿ ತಲೆ ಎತ್ತಿದಳು. ಇಷ್ಟು ದಿನದಲ್ಲಿ ಅವಳು ಅತ್ತೆಯ ಮುಂದೆ ಸಾಕ್ರಿ, ಹೂಂರಿ ಬಿಟ್ಟರೆ ಒಂದು ಮಾತಾಡಿದ್ದು ನನಗೆ ನೆನಪಿಲ್ಲ. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ನಮಗ ಕೊಡೋದನ್ನ ನೀವು ಯಾಕ ಕುಡೀತಿದ್ದಿಲ್ರೀ ಅಮ್ಮಾರ?"

ಅತ್ತೆಗೆ ಉತ್ತರ ಗೊತ್ತಿತ್ತು. ಮನೆಗೆ ಬಂದ ಹೊಸದರಲ್ಲಿ ನಾನು ಕೇಳಿದಾಗ ಹೆಮ್ಮೆಯಿಂದ ಹೇಳಿದ್ದ ಉತ್ತರವೇ ಅದು. "ಅದು ಕೊಡೋದಕ್ಕ ಅಂತ ಮಾಡಿದ್ದವಾ..." ಎಂದು ಶುರು ಮಾಡಿದರು. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಿರಬೇಕು. ಮುಂದಕ್ಕೆ ಹೇಳದೆ, ಸೆರಗನ್ನು ಮುಖದ ತುಂಬ ಎಳೆದುಕೊಂಡರು. ಲಕ್ಷ್ಮಿದೇವಿ ಉತ್ತರಕ್ಕಾಗಿ ನನ್ನ ಕಡೆ ನೋಡಿದಳು.